ಉಚಿತ ಸೇವೆ: ಬಾಡಿಗೆಯಿಲ್ಲದ ಮಳಿಗೆಗೆ ಕರಾರುಪತ್ರವೂ ಇಲ್ಲ

ಅಂಗಡಿಗೆ ದಾರಿ ಕೇಳುವ ಗ್ರಾಹಕನಿಗೆ ಇಂದು ಮೊಬೈಲಿನಲ್ಲಿ 'ಲೊಕೇಶನ್' ಕಳುಹಿಸಿದರೆ ಸಾಕು. ಸರಕು ತರುವ ಲಾರಿ ಚಾಲಕನೂ ಅದನ್ನೇ ನೋಡಿಕೊಂಡು ಗೋದಾಮಿನ ಬಾಗಿಲಿಗೆ ಬರುತ್ತಾನೆ. ಇದಕ್ಕಾಗಿ ವರ್ತಕನು ಒಂದು ರೂಪಾಯಿಯನ್ನೂ ತೆರಬೇಕಿಲ್ಲ. ಆದರೆ ಬಾಡಿಗೆ ಇಲ್ಲದ ಮಳಿಗೆಗೆ ಕರಾರುಪತ್ರವೂ ಇರುವುದಿಲ್ಲವೆಂಬುದನ್ನು ಉದ್ಯಮಿಗಳು ಮರೆಯಬಾರದು.

ಸೇವೆಯ ಹಿಂದಿರುವವರು

ಮೊಬೈಲು ತಾನಿರುವ ಸ್ಥಳವನ್ನು ಅರಿಯುವುದು ಮುಖ್ಯವಾಗಿ ಉಪಗ್ರಹ ಸಂಕೇತಗಳಿಂದ. ಅಮೆರಿಕದ ಜಿಪಿಎಸ್ ಸಂಕೇತದ ನಿಖರತೆಯನ್ನು ಅಲ್ಲಿನ ಸರ್ಕಾರವು ನಾಗರಿಕರ ಪಾಲಿಗೆ ಬೇಕೆಂದೇ ತಗ್ಗಿಸಿತ್ತು. ಆ ನಿರ್ಬಂಧ ತೆರವಾದುದು 2000ದ ಮೇ ತಿಂಗಳಿನಲ್ಲಿ. ನಮ್ಮದೇ ವ್ಯವಸ್ಥೆ ಬೇಕೆಂದು ಇಸ್ರೋ ರೂಪಿಸಿದ 'ನಾವಿಕ್' ಸರಣಿಯ ಮೊದಲ ಉಪಗ್ರಹವು 2013ರ ಜುಲೈನಲ್ಲಿ ಉಡಾವಣೆಗೊಂಡಿತು.

ಸಂಕೇತವನ್ನು ದಾರಿಯಾಗಿ ಮಾರ್ಪಡಿಸುವವರು ತಂತ್ರಾಂಶ ಎಂಜಿನಿಯರರು. ಸಿಡ್ನಿಯಲ್ಲಿ ನಾಲ್ವರು ಸೇರಿ ಕಟ್ಟಿದ ಪುಟ್ಟ ಸಂಸ್ಥೆಯನ್ನು 2004ರಲ್ಲಿ ಕೊಂಡ ಗೂಗಲ್, 2005ರ ಫೆಬ್ರವರಿಯಲ್ಲಿ ತನ್ನ ನಕ್ಷೆ ಸೇವೆಯನ್ನು ಆರಂಭಿಸಿತು.

ಎರಡು ಪಾಠಗಳು

2018ರ ಜುಲೈನಲ್ಲಿ ಗೂಗಲ್ ತನ್ನ ನಿಯಮವನ್ನು ಬದಲಿಸಿತು. ತಂತ್ರಾಂಶದ ಮೂಲಕ ಜಾಲತಾಣದಲ್ಲಿ ನಕ್ಷೆ ಅಳವಡಿಸಿದವರಿಗೆಲ್ಲ ಪಾವತಿ ಖಾತೆ ಕಡ್ಡಾಯವಾಯಿತು. ತಿಂಗಳಿಗೆ 200 ಡಾಲರುಗಳವರೆಗಿನ ಬಳಕೆಗೆ ವಿನಾಯಿತಿ ಇತ್ತಾದರೂ, ಖಾತೆ ತೆರೆಯದವರ ತಾಣಗಳಲ್ಲಿ ನಕ್ಷೆ ಮಸುಕಾಯಿತು. ತಾಣ ನಿರ್ಮಿಸಿದ ಎಂಜಿನಿಯರನೊಡನೆ ಸಂಪರ್ಕವೇ ಇಲ್ಲದ ಮಾಲೀಕನಿಗೆ ಏನಾಯಿತೆಂದು ತಿಳಿಯುವುದೂ ಕಷ್ಟ.

ಎರಡನೆಯದು ಇನ್ನೂ ಕಠಿಣ. ಸಣ್ಣ ವ್ಯಾಪಾರಿಗಳಿಗೆಂದು 2017ರಲ್ಲಿ ಗೂಗಲ್ ಒದಗಿಸಿದ ಉಚಿತ ಜಾಲತಾಣಗಳು 2024ರ ಮಾರ್ಚ್‌ನಲ್ಲಿ ಸ್ಥಗಿತಗೊಂಡವು. ಹಳೆಯ ವಿಳಾಸಕ್ಕೆ ಬಂದವರನ್ನು ವ್ಯಾಪಾರದ ಪ್ರೊಫೈಲಿಗೆ ಕಳುಹಿಸುವ ಏರ್ಪಾಡು ಜೂನ್ 10ರವರೆಗೆ ಮಾತ್ರ ಇತ್ತು. ಬಿಲ್ ಪುಸ್ತಕದಲ್ಲಿ, ನಾಮಫಲಕದಲ್ಲಿ ಆ ವಿಳಾಸವನ್ನು ಅಚ್ಚು ಹಾಕಿಸಿದ್ದವರ ಪಾಲಿಗೆ ಅದು ನಿರುಪಯೋಗಿಯಾಯಿತು.

ಪೈಪೋಟಿ ಇದ್ದಲ್ಲಿ ಬೆಲೆ ಇಳಿಯುವುದೂ ಉಂಟು. 2024ರ ಜುಲೈನಲ್ಲಿ ಬೆಂಗಳೂರಿನ ಓಲಾ ತನ್ನದೇ ನಕ್ಷೆಯನ್ನು ಮುಂದಿಟ್ಟಿತು. ಅದೇ ಆಗಸ್ಟ್ 1ರಿಂದ ಗೂಗಲ್ ಭಾರತದ ತಂತ್ರಾಂಶ ತಯಾರಕರಿಗೆ ನಕ್ಷೆಯ ದರವನ್ನು ಶೇ. 70ರವರೆಗೆ ತಗ್ಗಿಸಿತು. 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ, ಸ್ವಯಂಸೇವಕರು ಬೆಳೆಸುತ್ತಿರುವ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯನ್ನು ಮೂಲವನ್ನು ಸ್ಮರಿಸಿ ಯಾರು ಬೇಕಾದರೂ ಬಳಸಬಹುದು.

ಉದ್ಯಮಿಗಳು ಮಾಡಬೇಕಾದುದು

ಉಚಿತ ಸೇವೆಯನ್ನು ತೊರೆಯಬೇಕೆಂದು ಇದರ ಅರ್ಥವಲ್ಲ. ಅದು ಕೈಕೊಟ್ಟ ದಿನವೂ ವ್ಯಾಪಾರ ನಡೆಯುವಂತಿರಬೇಕು. ಅದಕ್ಕೆ ನಾಲ್ಕು ಎಚ್ಚರಿಕೆಗಳು ಸಾಕು:

1. ಜಾಲತಾಣದ ಹೆಸರು (ಡೊಮೈನ್) ನಿಮ್ಮ ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಿರಲಿ. ಮುದ್ರಿತ ಕಾಗದಗಳಲ್ಲಿ ಆ ವಿಳಾಸವನ್ನೇ ನಮೂದಿಸಿ.

2. ನಕ್ಷೆಯ ಖಾತೆ, ಪಾಸ್‌ವರ್ಡ್‌ಗಳು ಎಂಜಿನಿಯರನ ಸ್ವಂತ ಇ-ಮೇಲಿನಲ್ಲಿರದೆ ಸಂಸ್ಥೆಯ ಇ-ಮೇಲಿನಲ್ಲಿರಲಿ.

3. ಗ್ರಾಹಕರ ಹೆಸರು, ದೂರವಾಣಿ, ವಿಳಾಸಗಳ ಪಟ್ಟಿಯ ಪ್ರತಿಯೊಂದನ್ನು ತಿಂಗಳಿಗೊಮ್ಮೆ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

4. ನಕ್ಷೆಯಲ್ಲಿನ ಗುರುತು ಲಾರಿ ಬರುವ ಗೇಟಿನ ಮೇಲೆಯೇ ಇದೆಯೇ ಎಂದು ಸ್ವತಃ ಪರೀಕ್ಷಿಸಿ.

ಒಬ್ಬ ಎಂಜಿನಿಯರನಿಗೆ ಕೆಲವು ದಿನಗಳ ಸಂಭಾವನೆ ನೀಡಿ ಈ ವ್ಯವಸ್ಥೆಯನ್ನು ಮಾಡಿಸಿಕೊಳ್ಳುವುದು ದುಂದುವೆಚ್ಚವಲ್ಲ. ಗೋದಾಮಿಗೆ ವಿಮೆ ಮಾಡಿಸುವ ವರ್ತಕನು ತನ್ನ ವಿಳಾಸಕ್ಕೂ ಅಷ್ಟೇ ಬೆಲೆ ಕೊಡಬೇಕಲ್ಲವೇ?