ಚಿಕ್ಕಿ ಬಿದ್ದ ಸದ್ದು: ಉಲ್ಕೆಗಳ ರೇಡಿಯೋ ವೀಕ್ಷಣೆ

ಉತ್ತರ ಕರ್ನಾಟಕದ ಆಡುನುಡಿಯಲ್ಲಿ ನಕ್ಷತ್ರವೆಂದರೆ ‘ಚಿಕ್ಕಿ’. ಚಿಕ್ಕಿ ಬಿದ್ದರೆ ಎಲ್ಲಿಯೋ ಒಂದು ಜೀವ ಹೋಯಿತೆಂಬುದು ಜನಪದರ ನಂಬಿಕೆ. ಈ ನಂಬಿಕೆಗೆ ಕಣ್ಣೇ ಸಾಕ್ಷಿ. ಹಗಲಿನಲ್ಲಿ, ಮೋಡದ ಮರೆಯಲ್ಲಿ ಬೀಳುವ ಉಲ್ಕೆಗಳನ್ನು ಗುರುತಿಸಬಲ್ಲದು ರೇಡಿಯೋ.

ಸುಮಾರು 80ರಿಂದ 110 ಕಿ.ಮೀ. ಎತ್ತರದಲ್ಲಿ ಉರಿಯುವ ಉಲ್ಕೆಯು ಅಯಾನೀಕೃತ ಅನಿಲದ ಜಾಡನ್ನು ಬಿಡುತ್ತದೆ. ದಿಗಂತದಾಚೆಯ ಎಫ್.ಎಂ. ಕೇಂದ್ರದ ತರಂಗಗಳು ಆ ಜಾಡಿನಿಂದ ಪ್ರತಿಫಲಿಸಿ ಕ್ಷಣಕಾಲ ಕೇಳಿಸುತ್ತವೆ. ಉಲ್ಕೆಗಳಿಂದ ರೇಡಿಯೋದಲ್ಲಿ ಹುಟ್ಟುವ ಸಿಳ್ಳನ್ನು ವಿವರಿಸಿದ ಚಮನ್‌ಲಾಲ್ ಮತ್ತು ವೆಂಕಟರಾಮನ್ ಅವರ ಪ್ರಬಂಧವು 1941ರಲ್ಲಿ ಬೆಂಗಳೂರಿನ ‘ಇಲೆಕ್ಟ್ರೋಟೆಕ್ನಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಂತಹ ವೀಕ್ಷಣೆಗೆ ಬ್ಯಾಟರಿಚಾಲಿತ ಎಫ್.ಎಂ. ಗ್ರಾಹಕ, ಏರಿಯಲ್ ಮತ್ತು ಧ್ವನಿಮುದ್ರಣ ಯಂತ್ರ ಸಾಕು. ಸ್ಥಳೀಯ ಪ್ರಸಾರವಿಲ್ಲದ, ಆದರೆ 500ರಿಂದ 2000 ಕಿ.ಮೀ. ದೂರದ ಪ್ರಬಲ ಕೇಂದ್ರವೊಂದು ಬಳಸುವ ಕಂಪನಾಂಕವನ್ನು ಆಯ್ದುಕೊಳ್ಳಬೇಕು. ವಿಜಯಪುರ ನಗರದ ವಿದ್ಯುತ್ ಗದ್ದಲಕ್ಕಿಂತ ತಿಕೋಟಾ, ಬಬಲೇಶ್ವರಗಳ ಬಯಲು ಹೊಲಗಳು ಇದಕ್ಕೆ ಅನುಕೂಲ. ಡಿಸೆಂಬರ್ 13–14ರ ಜೆಮಿನಿಡ್ ಉಲ್ಕಾವೃಷ್ಟಿ ಕಣ್ಣಿಗೂ ರೇಡಿಯೋಗೂ ದಕ್ಕುತ್ತದೆ; ಜೂನ್ ಮೊದಲ ವಾರದ ಹಗಲಿನ ಏರಿಯೆಟಿಡ್ ಬಹುತೇಕ ರೇಡಿಯೋಗೆ ಮಾತ್ರ. ಕೇಳಿದ್ದೆಲ್ಲ ಉಲ್ಕೆಯಲ್ಲ, ವಿಮಾನಗಳಿಂದಲೂ ತರಂಗಗಳು ಪ್ರತಿಫಲಿಸುತ್ತವೆ.

ಚಿಕ್ಕಿಗೆ ಜೀವವನ್ನು ಹೊಂದಿಸಿದ ನಂಬಿಕೆಯನ್ನು ಈ ಎಣಿಕೆಯಿಂದ ಅಳೆಯಲಾಗದು. ಅದು ಸಾವನ್ನು ಕುರಿತ ಮಾತು. ಹೊಲದಲ್ಲಿ ರಾತ್ರಿ ಕಳೆದ ಹಿರಿಯರೊಂದಿಗೆ ಆ ಮಾತು ಮರೆಯಾಗುವ ಮುನ್ನ ಎರಡನ್ನೂ ಒಟ್ಟಿಗೆ ದಾಖಲಿಸುವುದು ಅಗತ್ಯ.