ಚೆಂಡನ್ನು ಎಲ್ಲಿಂದ ಒಳಗೆಸೆಯಬೇಕು?

ಆಟವೆಂದರೆ ಓಟ, ಜಿಗಿತ, ಎಸೆತಗಳಷ್ಟೇ ಎಂದು ಭಾವಿಸುವವರು ಬಹುಮಂದಿ. ಆದರೆ ಆಟವು ನಿಂತಿರುವ ಗಳಿಗೆಗಳಲ್ಲಿಯೂ ಅದರ ಧರ್ಮ ನಡೆದೇ ಇರುತ್ತದೆ. ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ತೀರ್ಪುಗಾರರ ಸೀಟಿ ಮೊಳಗಿತೆಂದರೆ ಎರಡು ಪ್ರಶ್ನೆಗಳು ಏಳುತ್ತವೆ: ಚೆಂಡು ಯಾವ ಪಕ್ಷಕ್ಕೆ? ಅದನ್ನು ಯಾವ ಸ್ಥಳದಿಂದ ಒಳಗೆಸೆಯಬೇಕು? ಮೊದಲನೆಯ ಪ್ರಶ್ನೆಗೆ ಎಲ್ಲರೂ ಕಿವಿಗೊಡುತ್ತಾರೆ. ಎರಡನೆಯದನ್ನು ಅಲಕ್ಷಿಸುವವರೇ ಹೆಚ್ಚು. ಕೋಡಂಬಾಕ್ಕದಂತಹ ಜನನಿಬಿಡ ಬಡಾವಣೆಯಲ್ಲಿ ಬಾಲಕರಿಗೆ ದೊರೆಯುವ ಆಟದ ಸ್ಥಳವೂ ಕಡಿಮೆ, ಸಮಯವೂ ಕಡಿಮೆ. ದೊರೆತ ಅಲ್ಪಸಮಯವು “ಇಲ್ಲಿಂದ”, “ಅಲ್ಲ, ಅಲ್ಲಿಂದ” ಎಂಬ ವಾದದಲ್ಲಿಯೇ ಕಳೆದುಹೋಗುವುದು ವಿಷಾದಕರ. ಆದಕಾರಣ ಈ ನಿಯಮವನ್ನು ಕೊಂಚ ವಿಚಾರಿಸಿ ನೋಡೋಣ.

ಈ ಆಟವು ಹುಟ್ಟಿದ್ದು 1891ರ ಡಿಸೆಂಬರ್‌ನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ. ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಅದಕ್ಕೆ ಹದಿಮೂರು ನಿಯಮಗಳನ್ನು ಬರೆದರು. ಹೊರಗೆ ಹೋದ ಚೆಂಡನ್ನು ಯಾರು ಮೊದಲು ಮುಟ್ಟುವರೋ ಅವರೇ ಒಳಗೆಸೆಯತಕ್ಕದ್ದೆಂದೂ, ಅದಕ್ಕೆ 5 ಸೆಕೆಂಡುಗಳ ಅವಕಾಶವೆಂದೂ ಅಲ್ಲಿ ವಿಧಿಸಿದ್ದರು. ಇದರ ಫಲವನ್ನು ಊಹಿಸಿಕೊಳ್ಳಬಹುದು. ಚೆಂಡು ಗೆರೆ ದಾಟಿದೊಡನೆ ಇಬ್ಬಣದವರೂ ಅದರ ಮೇಲೆ ಮುಗಿಬೀಳುತ್ತಿದ್ದರು. 20ನೆಯ ಶತಮಾನದ ಎರಡನೆಯ ದಶಕದಲ್ಲಿ ನಿಯಮವು ಬದಲಾಯಿತು: ಕೊನೆಗೆ ಮುಟ್ಟಿದವನ ಎದುರು ಪಕ್ಷಕ್ಕೆ ಚೆಂಡು ಸಲ್ಲಬೇಕೆಂದು ಗೊತ್ತಾಯಿತು. ಕೈಬಲದಿಂದ ನಿರ್ಧಾರವಾಗುತ್ತಿದ್ದುದು ಅಂದಿನಿಂದ ನ್ಯಾಯದಿಂದ ನಿರ್ಧಾರವಾಗತೊಡಗಿತು.

ಅದೇ ವೈ.ಎಂ.ಸಿ.ಎ. ಸಂಸ್ಥೆಯ ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜನ್ನು ಸ್ಥಾಪಿಸಿದರು. ಅದು ಇಂದು ನಮ್ಮ ಕೋಡಂಬಾಕ್ಕಕ್ಕೆ ಬಹುದೂರವಲ್ಲದ ನಂದನಂನಲ್ಲಿದೆ. 2009ರಲ್ಲಿ ಏಷ್ಯಾದ ಮಹಿಳೆಯರ ಚಾಂಪಿಯನ್‌ಷಿಪ್ ಪಂದ್ಯಗಳು ನಡೆದದ್ದೂ ಈ ಚೆನ್ನೈ ನಗರದಲ್ಲಿಯೇ. ಹೀಗೆ ಈ ಆಟವು ನಮ್ಮ ನೆರೆಹೊರೆಯದೇ ಆಗಿದೆ.

ಇನ್ನು ನಿಯಮದ ವಿಚಾರ. ಅಂಕಣದ ಉದ್ದ 28 ಮೀಟರ್, ಅಗಲ 15 ಮೀಟರ್. ಎಲ್ಲೆಯ ಗೆರೆಗಳು ಅಂಕಣಕ್ಕೆ ಸೇರಿದವಲ್ಲ. ಗೆರೆಯನ್ನು ತುಳಿದವನು ಹೊರಗೆ ಹೋದವನೇ. ಗಾಳಿಯಲ್ಲಿ ಗೆರೆಯಾಚೆ ತೇಲುತ್ತಿರುವ ಚೆಂಡು ಮಾತ್ರ ಇನ್ನೂ ಹೊರಗೆ ಹೋದಂತಲ್ಲ. ಅದು ಹೊರಗಿನ ನೆಲವನ್ನೋ ವಸ್ತುವನ್ನೋ ಹೊರಗಿರುವ ವ್ಯಕ್ತಿಯನ್ನೋ ತಾಗಿದಾಗಲೇ ಹೊರಗೆ ಹೋದಂತೆ. ಆದುದರಿಂದಲೇ ಚುರುಕಾದ ಆಟಗಾರನು ಒಳಗಿನಿಂದ ಹಾರಿ, ಕಾಲು ನೆಲಕ್ಕೆ ತಾಗುವ ಮೊದಲೇ ಚೆಂಡನ್ನು ಒಳಕ್ಕೆ ತಳ್ಳಿದರೆ ಆಟವು ಮುಂದುವರಿಯುತ್ತದೆ.

ಮೂಲಸೂತ್ರ ಒಂದೇ: ತಪ್ಪು ನಡೆದ ಸ್ಥಳಕ್ಕೆ, ಇಲ್ಲವೆ ಆಟವು ನಿಂತ ಸ್ಥಳಕ್ಕೆ, ಅತ್ಯಂತ ಸಮೀಪವಾದ ಎಲ್ಲೆಯಿಂದ ಚೆಂಡನ್ನು ಒಳಗೆಸೆಯಬೇಕು. ಪಾರ್ಶ್ವರೇಖೆಯಿಂದ 3 ಮೀಟರ್, ಅಂತ್ಯರೇಖೆಯಿಂದ 9 ಮೀಟರ್ ದೂರದಲ್ಲಿ ತಪ್ಪು ಸಂಭವಿಸಿತೆನ್ನೋಣ. ಆಗ ಎಸೆತವು ಪಾರ್ಶ್ವರೇಖೆಯಿಂದ, ಆ ಸ್ಥಳಕ್ಕೆ ನೇರವಾಗಿ. ಬುಟ್ಟಿಯ ಬುಡದಲ್ಲಿ ತಪ್ಪಾದರೆ ಅಂತ್ಯರೇಖೆಯೇ ಸಮೀಪ. ಆದರೆ ಫಲಕದ ನೇರ ಹಿಂದೆ ನಿಂತು ಎಸೆಯಲಾಗದು. ಅಲ್ಲಿ ಫಲಕವೇ ಎಸೆತಕ್ಕೆ ಅಡ್ಡಿ. ಆದ್ದರಿಂದ 1.80 ಮೀಟರ್ ಅಗಲದ ಆ ಫಲಕದ ಎಡಕ್ಕೋ ಬಲಕ್ಕೋ ಸರಿಯಬೇಕು. ಹೊರಗೆ ಉರುಳಿಹೋದ ಚೆಂಡು ಕೈಗೆ ಸಿಕ್ಕ ಠಾವು ಇಲ್ಲಿ ಲೆಕ್ಕಕ್ಕಿಲ್ಲ.

ಸಮೀಪದ ಸ್ಥಳವೇ ಏಕೆ? ದಂಡನೆಯು ತಪ್ಪಿಗಿಂತ ದೊಡ್ಡದಾಗಬಾರದೆಂಬುದೇ ಇದರ ತಿರುಳು. ಚೆಂಡನ್ನು ಕಳೆದುಕೊಳ್ಳುವುದೇ ಸಾಮಾನ್ಯ ತಪ್ಪಿಗೆ ತಕ್ಕ ಶಿಕ್ಷೆ. ಅದರ ಮೇಲೆ ನೆಲವನ್ನೂ ಕಳೆದುಕೊಳ್ಳುವಂತೆ ಮಾಡಿದರೆ ಅದು ಅನ್ಯಾಯ. ಬುಟ್ಟಿಯತ್ತ ನಾಲ್ಕು ಹೆಜ್ಜೆ ಮುಂದೊತ್ತಿ ಎಸೆಯುವವನು ಎದುರಾಳಿಯಿಂದ ಆ ನಾಲ್ಕು ಹೆಜ್ಜೆಗಳನ್ನು ಅಪಹರಿಸಿದಂತೆಯೇ ಸರಿ.

ಈ ಸೂತ್ರಕ್ಕೆ ಕೆಲವು ಅಪವಾದಗಳುಂಟು, ಪ್ರತಿಯೊಂದಕ್ಕೂ ಕಾರಣವಿದೆ. ಎದುರಾಳಿಯು ಅಂಕ ಗಳಿಸಿದರೆ, ಅಂಕ ಕೊಟ್ಟ ಪಕ್ಷದವರು ತಮ್ಮ ಅಂತ್ಯರೇಖೆಯ ಹಿಂದೆ ಎಲ್ಲಿಂದಾದರೂ ಎಸೆಯಬಹುದು. ಬುಟ್ಟಿಗೆ ಬಿದ್ದ ಚೆಂಡು ತಪ್ಪಿನ ದೆಸೆಯಿಂದ ಅಸಿಂಧುವಾದರೆ, ಫ್ರೀ ಥ್ರೋ ರೇಖೆಯನ್ನು ಪಾರ್ಶ್ವರೇಖೆಯವರೆಗೆ ಎಳೆದಲ್ಲಿ ತಾಗುವ ಬಿಂದುವಿನಿಂದ ಎಸೆತ. ಎರಡು, ಮೂರು ಮತ್ತು ನಾಲ್ಕನೆಯ ಅವಧಿಗಳು ಲೆಕ್ಕಿಗರ ಮೇಜಿನ ಎದುರು ಬದಿಯಲ್ಲಿ, ಮಧ್ಯರೇಖೆಯ ನೇರದಿಂದ ಆರಂಭವಾಗುತ್ತವೆ. ಕ್ರೀಡಾಧರ್ಮಕ್ಕೆ ವಿರುದ್ಧವಾದ ಒರಟುತನಕ್ಕೆ ಎರಡು ಫ್ರೀ ಥ್ರೋಗಳಲ್ಲದೆ, ನೊಂದ ಪಕ್ಷಕ್ಕೆ ಎದುರಾಳಿಯ ಬುಟ್ಟಿಯಿರುವ ಅರ್ಧದಲ್ಲಿ, ಅಂತ್ಯರೇಖೆಯಿಂದ 8.325 ಮೀಟರ್ ದೂರದ ಗುರುತಿನಿಂದ ಎಸೆತವೂ ಸಲ್ಲುತ್ತದೆ. ಇಲ್ಲಿ ನೆಲವನ್ನು ಕಳೆದುಕೊಳ್ಳುವುದೂ ಶಿಕ್ಷೆಯ ಅಂಗ; ಅಪರಾಧವು ಹಿರಿದಾದ್ದರಿಂದ ದಂಡವೂ ಹಿರಿದು.

ಕೊನೆಯ 2 ನಿಮಿಷಗಳಲ್ಲಿ ಇದೇ ಗುರುತಿಗೆ ಇನ್ನೊಂದು ಮಹತ್ವ ಬರುತ್ತದೆ. ತಮ್ಮ ಬುಟ್ಟಿಯ ಅರ್ಧದಲ್ಲಿ ಚೆಂಡು ದೊರೆಯಲಿರುವ ಪಕ್ಷವು ಆಗ ಟೈಮ್‌ಔಟ್ ಪಡೆದರೆ, ಅಲ್ಲಿಂದಲೇ ಎಸೆಯಬೇಕೋ ಮುಂದಿನ ಗುರುತಿನಿಂದ ಎಸೆಯಬೇಕೋ ಎಂಬುದನ್ನು ಅದರ ತರಬೇತುದಾರರು ಆರಿಸಬಹುದು. ಒಂದು ಅಂಕ ಹಿಂದಿದ್ದು, 5 ಸೆಕೆಂಡು ಮಾತ್ರ ಉಳಿದಿರುವ ತಂಡಕ್ಕೆ ಈ ಆಯ್ಕೆಯಲ್ಲಿಯೇ ಜಯಾಪಜಯಗಳು ಅಡಗಿರಬಹುದು.

ಇದು ಅಂತರರಾಷ್ಟ್ರೀಯ ಸಂಸ್ಥೆಯಾದ ಫೀಬಾದ ಕ್ರಮ. ಅಮೆರಿಕದ ಪ್ರೌಢಶಾಲೆಗಳಲ್ಲಿ 2023-24ನೆಯ ಸಾಲಿನಿಂದ, ಎದುರಾಳಿಯ ಅರ್ಧದಲ್ಲಿ ತಪ್ಪಿನ ನಿಮಿತ್ತ ಚೆಂಡು ದೊರೆತಾಗ, ನಾಲ್ಕು ನಿಯತ ಸ್ಥಾನಗಳಲ್ಲಿ ಸಮೀಪದ ಒಂದನ್ನು ತೀರ್ಪುಗಾರರು ತೋರಿಸುತ್ತಾರೆ. ನಿಯಮವು ಭಿನ್ನವಾದರೂ ಉದ್ದೇಶವು ಒಂದೇ: ಸಂದೇಹಕ್ಕೆ ಎಡೆಗೊಡಬಾರದು.

ತೀರ್ಪುಗಾರರು ಇದನ್ನು ಕ್ಷಣಾರ್ಧದಲ್ಲಿ ಹೇಗೆ ನಿಶ್ಚಯಿಸುತ್ತಾರೆ? ಇಬ್ಬರು ತೀರ್ಪುಗಾರರು ಗೆರೆಗಳನ್ನು ತಮ್ಮೊಳಗೆ ಹಂಚಿಕೊಂಡಿರುತ್ತಾರೆ. ಒಬ್ಬರು ಅಂತ್ಯರೇಖೆಯನ್ನೂ ಒಂದು ಪಾರ್ಶ್ವರೇಖೆಯನ್ನೂ ಕಾಯ್ದರೆ, ಮತ್ತೊಬ್ಬರು ಮಧ್ಯರೇಖೆಯನ್ನೂ ಇನ್ನೊಂದು ಪಾರ್ಶ್ವರೇಖೆಯನ್ನೂ ಕಾಯುತ್ತಾರೆ. ಸೀಟಿ ಊದಿ, ಅಂಗೈ ತೆರೆದು ಕೈಯೆತ್ತಿ ಗಡಿಯಾರವನ್ನು ನಿಲ್ಲಿಸಿ, ಆಟವು ಸಾಗಬೇಕಾದ ದಿಕ್ಕನ್ನು ತೋರಿಸಿ, ಬಳಿಕ ಎಸೆಯುವ ಸ್ಥಳವನ್ನು ತೋರಿಸುತ್ತಾರೆ. ಚೆಂಡು ಕೈಸೇರಿದ ಮೇಲೆ ಎಸೆಯುವವನಿಗೆ 5 ಸೆಕೆಂಡು ಮಾತ್ರ. ತೋರಿದ ಸ್ಥಳದಿಂದ ಅವನು ಪಕ್ಕಕ್ಕೆ ಒಟ್ಟು 1 ಮೀಟರಿಗಿಂತ ಹೆಚ್ಚು ಸರಿಯಕೂಡದು. ನೇರ ಹಿಂದಕ್ಕೆ ಸ್ಥಳವಿದ್ದಷ್ಟು ಹೋಗಬಹುದು. ಗೋಡೆಯು ಗೆರೆಗೆ ಒತ್ತಿಕೊಂಡಿರುವ ನಗರದ ಅಂಗಳಗಳಿಗೂ ನಿಯಮವುಂಟು: ಗೆರೆಯಾಚೆ 2 ಮೀಟರಿಗಿಂತ ಕಡಿಮೆ ಸ್ಥಳವಿದ್ದರೆ ಎದುರಾಳಿಯು ಎಸೆಯುವವನಿಂದ 1 ಮೀಟರ್ ದೂರ ನಿಲ್ಲಬೇಕು. ಇಕ್ಕಟ್ಟಾದ ಅಂಗಳದಲ್ಲಿ ಆಡುವ ಬಾಲಕನಿಗೂ ಇದರಿಂದ ನ್ಯಾಯ ದೊರೆಯುತ್ತದೆ.

ವಿದ್ಯಾರ್ಥಿಮಿತ್ರರೇ, ತೀರ್ಪುಗಾರರಿಲ್ಲದ ಸಂಜೆಯ ಆಟವೇ ನಿಮ್ಮ ನಿಜವಾದ ಪರೀಕ್ಷೆ. ಅಲ್ಲಿ ಸ್ಥಳವನ್ನು ತೋರಿಸುವವರು ನೀವೇ. ಚೆಂಡು ನಮ್ಮ ಕೈತಾಗಿಯೇ ಹೊರಗೆ ಹೋಯಿತೆಂದು ಒಪ್ಪಿ, ಎದುರಾಳಿಗೆ ಸರಿಯಾದ ಸ್ಥಳವನ್ನು ತಾನಾಗಿ ಬಿಟ್ಟುಕೊಡುವ ಆಟಗಾರನಿದ್ದಲ್ಲಿ ವಾದಕ್ಕೆ ಅವಕಾಶವಿಲ್ಲ. ಕತ್ತಲಾಗುವವರೆಗೂ ಆಟ ನಡೆಯುತ್ತದೆ.