ಕಾರಿನ ಟೆಂಪರೇಚರ್ ಮುಳ್ಳು ಏರಿಳಿಯುತ್ತಿದೆಯೇ? ಥರ್ಮೋಸ್ಟಾಟ್ ಕಿತ್ತುಹಾಕಿಸುವ ಮೊದಲು ಇದನ್ನು ಓದಿ

ಮೈಸೂರು ಕಡೆಯಿಂದ ಊಟಿಗೆ ಹೊರಟವರಿಗೆ ಗುಂಡ್ಲುಪೇಟೆ ದಾಟಿದ ಮೇಲೆ ಹಂಗಳ ಸಿಗುತ್ತದೆ. ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ, ನೇರ ಹೋದರೆ ಬಂಡೀಪುರ ಕಾಡು. ಕಾಡಿನೊಳಗೆ ಗಾಡಿ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ 2009ರಿಂದ ಪ್ರವೇಶವೇ ಇಲ್ಲ. ಅದರಾಚೆ ಮಸಿನಗುಡಿ ಕಡೆಯಿಂದ ಹತ್ತುವವರಿಗೆ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳಿವೆ. ಹಾಗಾಗಿ ಡ್ಯಾಶ್‌ಬೋರ್ಡಿನಲ್ಲಿ ಟೆಂಪರೇಚರ್ ಮುಳ್ಳು ಕುಣಿಯಲು ಶುರುಮಾಡಿದ್ದರೆ, ಮುಂದೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದ ಜಾಗ ಹಂಗಳವೇ.

ಇಂಥ ಹೊತ್ತಿಗೆ ಫೋನಿನಲ್ಲಿ ಸಿಗುವ ಸಲಹೆಗಳು ಮೂರು. 'ಥರ್ಮೋಸ್ಟಾಟ್ ತೆಗೆಸಿಬಿಡಿ, ಇಂಜಿನ್ ತಣ್ಣಗಿರುತ್ತೆ.' 'ರೇಡಿಯೇಟರ್ ಕ್ಯಾಪ್ ಬಿಚ್ಚಿ ತಣ್ಣೀರು ಸುರಿಯಿರಿ.' 'ಹೀಟರ್ ಆನ್ ಮಾಡಿ.' ಇವುಗಳಲ್ಲಿ ಸರಿಯಾದದ್ದು ಒಂದೇ. ಅದು ಕೇಳಲು ತಮಾಷೆ ಎನಿಸುವ ಮೂರನೆಯದು!

ಮೊದಲು ಮುಳ್ಳಿನ ವಿಷಯ. ಈಗಿನ ಬಹಳಷ್ಟು ಕಾರುಗಳಲ್ಲಿ ಒಳಗಿನ ಉಷ್ಣತೆ ಹತ್ತಿಪ್ಪತ್ತು ಡಿಗ್ರಿ ಹೆಚ್ಚುಕಡಿಮೆಯಾದರೂ ಮುಳ್ಳು ಮಧ್ಯದಲ್ಲೇ ನಿಲ್ಲುವಂತೆ ಮಾಡಿರುತ್ತಾರೆ, ಚಾಲಕ ಸುಮ್ಮನೆ ಗಾಬರಿಯಾಗಬಾರದು ಎಂದು. ಅಂಥ ಕಾರಿನಲ್ಲೂ ಮುಳ್ಳು ಓಡಾಡುತ್ತಿದೆ ಎಂದರೆ ಅದನ್ನು ಕಡೆಗಣಿಸುವಂತಿಲ್ಲ. ಆದರೆ ಅದು ಓಡಾಡುತ್ತಿದೆ ಎಂಬುದಕ್ಕಿಂತ ಯಾವಾಗ ಓಡಾಡುತ್ತದೆ ಎಂಬುದನ್ನು ಗಮನಿಸಿ. ಮೆಕ್ಯಾನಿಕ್‌ಗೆ ಬೇಕಾಗಿರುವುದೂ ಅದೇ.

ಗೇಟು, ಸಿಗ್ನಲ್ಲುಗಳಲ್ಲಿ ನಿಂತಾಗ ಏರಿ, ಗಾಡಿ ಓಡಿದ ಕೂಡಲೇ ಇಳಿದರೆ ಅನುಮಾನ ಫ್ಯಾನಿನ ಮೇಲೆ. ಓಡುವಾಗ ಗಾಳಿ ತಾನಾಗಿ ಬಡಿಯುತ್ತದೆ, ನಿಂತಾಗ ಫ್ಯಾನೇ ಗತಿ. ಅದರ ಫ್ಯೂಸ್, ರಿಲೇ, ಮೋಟಾರ್ ನೋಡಿಸಿ. ಘಾಟಿ ಹತ್ತುವಾಗ ಏರಿದರೆ ಕೂಲೆಂಟ್ ಕಡಿಮೆಯಾಗಿರಬಹುದು, ರೇಡಿಯೇಟರ್ ಕಟ್ಟಿಕೊಂಡಿರಬಹುದು, ಇಲ್ಲವೇ ವಾಟರ್ ಪಂಪ್ ಸೋತಿರಬಹುದು. ಇಳಿಜಾರಿನಲ್ಲಿ ಮುಳ್ಳು ತೀರಾ ಕೆಳಗೆ ಹೋದರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ ಎಂದು ಅರ್ಥ. ಹೆಡ್‌ಲೈಟ್ ಹಾಕಿದಾಗ, ಇಂಡಿಕೇಟರ್ ಒತ್ತಿದಾಗ ಮುಳ್ಳು ಹಾರುತ್ತದೆಯೇ? ಇಂಜಿನ್ ಚೆನ್ನಾಗಿರುತ್ತದೆ, ವೈರಿಂಗ್‌ನ ಅರ್ತ್ ಸಡಿಲವಾಗಿರುತ್ತದೆ.

ಜನ ತಪ್ಪು ತಿಳಿಯುವುದು ಇನ್ನೊಂದು ಸಂದರ್ಭದಲ್ಲಿ. ಮೇಲೇರಿದ್ದ ಮುಳ್ಳು ಸಟಕ್ಕನೆ ಕೆಳಗೆ ಬಿದ್ದರೆ 'ಸದ್ಯ, ತಣ್ಣಗಾಯಿತು' ಎಂದು ಉಸಿರುಬಿಡುತ್ತೇವೆ. ಸೆನ್ಸರ್ ಉಷ್ಣತೆಯನ್ನು ಸರಿಯಾಗಿ ತಿಳಿಯಬೇಕಾದರೆ ಅದು ಕೂಲೆಂಟ್‌ನಲ್ಲಿ ಮುಳುಗಿರಬೇಕು. ಕೂಲೆಂಟ್ ಸೋರಿ ಖಾಲಿಯಾದರೆ ಅದು ಬರಿಯ ಗಾಳಿಯಲ್ಲಿ ನಿಂತು ಕಡಿಮೆ ಉಷ್ಣತೆ ತೋರಿಸಬಹುದು, ಒಳಗೆ ಇಂಜಿನ್ ಬೇಯುತ್ತಿದ್ದರೂ! ಒಮ್ಮೆ ಏರಿ ತಟ್ಟನೆ ಬಿದ್ದ ಮುಳ್ಳನ್ನು ನಂಬಿ ಕಾಡಿಗೆ ನುಗ್ಗಬೇಡಿ. ಹಂಗಳದಲ್ಲೇ ನಿಲ್ಲಿಸಿ.

ನಿಲ್ಲಿಸಿದ ಮೇಲೆ ಕ್ಯಾಪ್ ಮುಟ್ಟಬೇಡಿ. ರೇಡಿಯೇಟರ್ ಎಂದರೆ ಪ್ರೆಶರ್ ಕುಕ್ಕರ್ ಇದ್ದ ಹಾಗೆ. ಒತ್ತಡದಲ್ಲಿರುವುದರಿಂದಲೇ ಒಳಗಿನ ದ್ರವ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ವಿಷಲ್ ಬಂದ ಕುಕ್ಕರಿನ ಮುಚ್ಚಳ ಎಳೆದರೆ ಏನಾಗುತ್ತದೋ ಇಲ್ಲೂ ಅದೇ: ಒತ್ತಡ ಇಳಿದ ಕ್ಷಣ ಎಲ್ಲವೂ ಕುದಿದು ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಯಾದರೂ ಬಿಡಿ, ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಲಿ. ಕಾದ ಇಂಜಿನ್‌ಗೆ ಒಮ್ಮೆಲೇ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುವ ಅಪಾಯವೂ ಇದೆ.

ಹೀಟರ್ ಸಲಹೆ ಏಕೆ ಸರಿ? ಕಾರಿನ ಹೀಟರ್ ಎಂದರೆ ಡ್ಯಾಶ್‌ಬೋರ್ಡಿನ ಹಿಂದಿರುವ ಇನ್ನೊಂದು ಪುಟ್ಟ ರೇಡಿಯೇಟರ್. ಅದನ್ನು ಪೂರ್ತಿ ಹಾಕಿದರೆ ಇಂಜಿನ್ನಿನ ಒಂದಿಷ್ಟು ಬಿಸಿ ಒಳಗೆ ಬರುತ್ತದೆ. ನೀವು ಬೆವರುತ್ತೀರಿ, ಆದರೆ ಸುರಕ್ಷಿತವಾಗಿ ನಿಲ್ಲಿಸುವ ಜಾಗ ಸಿಗುವವರೆಗೆ ಇಂಜಿನ್ ಉಳಿಯಬಹುದು. ಎಸಿ ಆಫ್ ಮಾಡಿ. ಹೀಟರ್ ಹಾಕಿದರೂ ತಣ್ಣನೆ ಗಾಳಿ ಬಂದರೆ ಕೂಲೆಂಟ್ ಅಲ್ಲಿಗೆ ತಲುಪುತ್ತಿಲ್ಲ, ತಕ್ಷಣ ಇಂಜಿನ್ ನಿಲ್ಲಿಸಿ.

ರಿಪೇರಿಯ ಮಾತು. ಕೂಲೆಂಟ್ ಕಡಿಮೆಯಾಗಿದ್ದರೆ ತುಂಬಿಸಿದರಷ್ಟೇ ಸಾಲದು, ಎಲ್ಲಿ ಹೋಯಿತು ಎಂದು ಹುಡುಕಬೇಕು. ತುಂಬಿಸಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನೂ ತೆಗೆಯಬೇಕು, ಇಲ್ಲವಾದರೆ ಮುಳ್ಳು ಮತ್ತೆ ಕುಣಿಯುತ್ತದೆ. ಹೊರಗೆ ಎಲ್ಲೂ ಸೋರಿಕೆಯಿಲ್ಲದೆ ಪದೇ ಪದೇ ಕಡಿಮೆಯಾಗುತ್ತಿದ್ದು, ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಇದೆ. ಇನ್ನು ಬೋರ್‌ವೆಲ್ ನೀರು. ಅಡುಗೆಮನೆಯ ಪಾತ್ರೆಯಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ತುರ್ತಿಗೆ ಹಾಕಿದ್ದರೆ ಊರಿಗೆ ಬಂದ ಮೇಲೆ ತೆಗೆಸಿ, ಡಿಸ್ಟಿಲ್ಡ್ ನೀರು ಬೆರೆಸಿದ ಕೂಲೆಂಟ್ ಹಾಕಿಸಿ.

ಥರ್ಮೋಸ್ಟಾಟ್ ಕಿತ್ತುಹಾಕಿಸುವುದು ಹಳೆಯ ಅಭ್ಯಾಸ. ನಮ್ಮದು ಬಿಸಿ ದೇಶ, ಅದು ಚಳಿ ದೇಶದವರಿಗೆ ಎಂಬ ವಾದ. ಇದು ತಪ್ಪು. ಇಂಜಿನ್ ಸರಿಯಾಗಿ ಕೆಲಸ ಮಾಡಲು ಸುಮಾರು 90 ಡಿಗ್ರಿ ಬೇಕು. ಅದಕ್ಕಿಂತ ತಣ್ಣಗೇ ಓಡಿದರೆ ಇಂಧನ ಹೆಚ್ಚು ಕುಡಿಯುತ್ತದೆ, ಭಾಗಗಳು ಬೇಗ ಸವೆಯುತ್ತವೆ. ಅದು ಕೆಟ್ಟಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ, ಬಿಚ್ಚಿಸಿ ಹಳೆಯ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆಯ ಮೇಲಿಡಿ. ಒಳಗಿನ ಮೇಣ ಕರಗಿ ಹಿಗ್ಗಿದಂತೆ ಬಾಯಿ ತೆರೆಯಬೇಕು, ಆರಿದಾಗ ಮುಚ್ಚಬೇಕು. ನೀರು ಕುದಿದರೂ ತೆರೆಯದಿದ್ದರೆ, ತಣ್ಣಗಿದ್ದಾಗಲೂ ತೆರೆದೇ ಇದ್ದರೆ ಬದಲಿಸಿ. ಹೊಸದು ತರುವಾಗ ಹಳೆಯದರ ಮೇಲೆ ಅಚ್ಚಾಗಿರುವ ಡಿಗ್ರಿ ಸಂಖ್ಯೆ ನೋಡಿಕೊಂಡು ಅದನ್ನೇ ಕೇಳಿ.